ಅಕ್ಕನಿಗೊಂದು ಪೊಲೀಸ್ ಕಾದಂಬರಿ

ಕೊಯಮತ್ತೂರು ಕಡೆಯ ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಎಲ್ಲರೂ ನೇಯ್ದವರೇ. ಅಕ್ಕ ಒಬ್ಬಳೇ ಪೊಲೀಸ್ ಆದಳು. ಈಗ ಪೊಳ್ಳಾಚಿಯಲ್ಲಿ ಸಬ್ ಇನ್‌ಸ್ಪೆಕ್ಟರ್. ಮನೆಯಲ್ಲಿ ನಾವು ಆಡುವುದು ಕನ್ನಡವಾದರೂ ಅವಳು ಓದುವುದು ತಮಿಳು. ಪ್ರೀತಿಯೂ ಕೊಲೆಯೂ ಒಟ್ಟಿಗಿರುವ ಕಾದಂಬರಿಯೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಪ್ರಾಣ.

ಕಳೆದ ವರ್ಷ ರಜೆಗೆ ಬಂದವಳು, "ಎಲ್ಲಾ ಕತೇಲೂ ಇನ್‌ಸ್ಪೆಕ್ಟರು ಗಂಡಸೇ ತಮ್ಮಾ. ಹುಡುಗೀನ ಯಾರೋ ಕಟ್ಟಾಕ್ತಾರೆ, ಇವನು ಬಂದು ಬಿಡಿಸ್ತಾನೆ. ಪೊಲೀಸು ಹೆಂಗಸಾಗಿರೋದು ಒಂದಾದ್ರೂ ಹುಡುಕ್ಕೊಡು" ಎಂದಳು.

ಕೊಯಮತ್ತೂರಿನ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಕೊನೆಯ ಅಂಗಡಿಯ ಮುದುಕರೂ ಮೊದಲು ಇಲ್ಲವೆಂದೇ ತಲೆಯಾಡಿಸಿದರು. ಆಮೇಲೆ, ಯಾರಿಗೆ ಎಂದು ತಮಿಳಿನಲ್ಲಿ ಕೇಳಿದರು.

"ನಮ್ಮ ಅಕ್ಕನಿಗೆ. ಅವಳು ಎಸ್.ಐ." ಎಂದೆ. ನನ್ನ ದನಿ ತಾನಾಗಿಯೇ ಏರಿತ್ತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುದುಕರು ಎದ್ದು ಏಣಿ ಹತ್ತಿ, ಅಟ್ಟದ ಮೇಲಿನ ಕಟ್ಟುಗಳನ್ನು ಬಿಚ್ಚಿ ಹುಡುಕಿ, ಒಂದು ಪುಸ್ತಕವನ್ನು ಧೂಳು ಒರೆಸಿ ಕೊಟ್ಟರು.

ಅಕ್ಕ ಅದನ್ನು ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ, ನಡುನಡುವೆ ಕತೆಯನ್ನು ಅಮ್ಮನಿಗೂ ಹೇಳುತ್ತ, ಓದಿ ಮುಗಿಸಿದಳು. ಮಗ್ಗದಲ್ಲಿ ಕೂತಿದ್ದ ಅಮ್ಮ, "ಅಪ್ಪುರಂ, ಆಮೇಲೆ ಏನಾಯ್ತೆ? ಪ್ರೀತಿಸಿದೋನ್ನ ಕಟ್ಕೊಂಡ್ಳಾ?" ಎಂದು ಕೇಳಿದಳು.

"ಕಟ್ಕೊಂಡ್ಳು. ಅದ್ಕೆ ಮುಂಚೆ ಅವನ ಅಣ್ಣನ್ನ ಕೊಲೆ ಕೇಸಲ್ಲಿ ಒಳಗೆ ಹಾಕಿದ್ಳು."

ಅಮ್ಮ ನೇಯುವುದನ್ನು ನಿಲ್ಲಿಸಿ ಜೋರಾಗಿ ನಕ್ಕಳು. "ನನ್ನ ಮಗಳಾದ್ರೂ ಹಂಗೇ ಮಾಡೋಳು" ಎಂದಳು.

ಮರುದಿನ ಅಮ್ಮ ಆ ಕತೆಯನ್ನು ಬೀದಿಯ ಹೆಂಗಸರಿಗೆಲ್ಲ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಕತೆಯ ಇನ್‌ಸ್ಪೆಕ್ಟರಿಗೆ ಅವಳು ಅಕ್ಕನ ಹೆಸರನ್ನೇ ಇಟ್ಟಿದ್ದಳು.