ಕುಂಕುಮವಿಟ್ಟ ಚಪ್ಪಲಿ

"ನಿಂತ್ಕಳವ್ವ, ಅದುನ್ನ ಒಳೀಕ್ ತರ್‌ಬ್ಯಾಡ!" ಎಂದು ನನ್ನ ಅವ್ವ ಹೊಸ್ತಿಲಲ್ಲೇ ಸೊಸೆಯನ್ನು ತಡೆದಳು. ನನ್ನ ಹೆಂಡತಿಯ ಕೈಯಲ್ಲಿ ಮೆತ್ತನೆಯ ಹೊಸ ಚಪ್ಪಲಿಗಳಿದ್ದವು. ಬೆಳಿಗ್ಗೆ ನೆಲಕ್ಕೆ ಕಾಲಿಟ್ಟೊಡನೆ ಹಿಮ್ಮಡಿ ಚುಚ್ಚಿದಂತಾಗಿ, ಹಾಲು ಕರೆಯಲು ಕೊಟ್ಟಿಗೆಗೆ ಹೋಗುವುದೇ ಅವಳಿಗೆ ಕಷ್ಟವಾಗಿತ್ತು. ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು ಎಂದು ಪಾಂಡವಪುರದ ವೈದ್ಯರು ಹೇಳಿದ್ದರು. ಆದರೆ ಚಿನಕುರಳಿಯ ನಮ್ಮ ಮನೆಯೊಳಗೆ ಅದುವರೆಗೆ ಚಪ್ಪಲಿ ಬಂದದ್ದೇ ಇರಲಿಲ್ಲ.

ಒಳಗೆ ಹೋದ ಅವ್ವ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಚಪ್ಪಲಿಗಳಿಗೆ ನೀರು ಚಿಮುಕಿಸಿ ಬೊಟ್ಟಿಟ್ಟಳು.

"ಟ್ರಾಕ್ಟರ್‌ಗೆ ಪೂಜೆ ಮಾಡಾಕಿಲ್ವಾ? ಇವೂ ಅಂಗೇಯ. ಇನ್ಮೇಕೆ ಇವು ಮನೆ ಚಪ್ಲಿ, ಬೀದಿಗೆ ಇಳ್ಸ್‌ಬ್ಯಾಡ ಕಣವ್ವ" ಎಂದಳು.

ಕೆಲವು ವಾರಗಳಲ್ಲಿ ಹೆಂಡತಿಯ ನೋವು ತಗ್ಗಿತು. ಈಗ ಅಡುಗೆಮನೆಯ ಬಾಗಿಲಲ್ಲಿ ಕುಂಕುಮದ ಬೊಟ್ಟಿರುವ ಇನ್ನೊಂದು ಜೊತೆಯೂ ಇದೆ. ಅದು ಅವ್ವನದು.