ಕರಿಕಂಬಳಿಯ ಕೆಳಗೆ ಸೂಜಿಮದ್ದು

ಸರ್ಕಾರದ ಜೀಪಿನ ಧೂಳು ಕಂಡರೆ ಹಟ್ಟಿಯ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ, ಮುಚ್ಚಿದ ಬಾಗಿಲಿನ ಮುಂದೆ ಬೇಸರವಿಲ್ಲದೆ ಕುಳಿತುಕೊಳ್ಳಬಲ್ಲ ಅಧಿಕಾರಿಗಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದರೋ ನಾನರಿಯೆ; ನಾನು ಕಂಡವರು ಒಬ್ಬರೇ. ಹಿರಿಯ ಆರೋಗ್ಯ ನಿರೀಕ್ಷಕರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಪಂಚಾಕ್ಷರಪ್ಪನವರ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ ಹಿರಿಯೂರು ತಾಲ್ಲೂಕಿನ ಒಬ್ಬ ಹಳ್ಳಿ ಮೇಷ್ಟರಾದ ನನಗೆ ಒದಗಿದ್ದು ದೈವಕೃಪೆಯೆಂದೇ ಭಾವಿಸುತ್ತೇನೆ.

ಚಂದ್ರವಳ್ಳಿಯ ಕಡೆಯಿಂದ ತಂದೆಯ ಪೂಜೆಗೆ ಬಿಲ್ವಪತ್ರೆ ತರುತ್ತ ಬೆಳೆದ ಈ ದುರ್ಗದ ಹುಡುಗ ಮೊದಲು ಸೇವೆಗೆ ಸೇರಿದ್ದು ಹೊಳಲ್ಕೆರೆಯಲ್ಲಿ, ಸಿಡುಬಿನ ದಾಕು ಹಾಕುವ ಕೆಲಸಕ್ಕೆ. ಅಮ್ಮ ಬಂದ ಮನೆಗೆ ಅವರು ಚಪ್ಪಲಿ ಮೆಟ್ಟಿ ಹೋದವರಲ್ಲ. ಪೂಜೆ ಮುಗಿಯುವವರೆಗೆ ಹೊರಗೇ ಕಾಯುವರು. ಅಲ್ಲಿ ಕೆಂಚಕ್ಕನೆಂಬ ಮುದುಕಿ ಇವರು ಬರುವುದನ್ನು ಕಂಡು ಮೊಮ್ಮಗಳನ್ನು ರಾಗಿಯ ವಾಡೆಯೊಳಗೆ ಇಳಿಸಿ ಮುಚ್ಚಳ ಹಾಕಿ, "ಮನೇಲಿ ಯಾವ ಮಗೂನೂ ಇಲ್ಲ ಕಣಪ್ಪ" ಎಂದಳಂತೆ. ಇವರು ಸರಿಯೆಂದು ಜಗಲಿಯ ಮೇಲೆ ಕುಳಿತು ಮಳೆ-ಬೆಳೆ ಮಾತಾಡುತ್ತಿರಲು ವಾಡೆಯೊಳಗಿಂದ ಒಂದು ಸೀನು ಬಂತು. "ನಿಮ್ಮ ರಾಗಿಗೆ ನೆಗಡಿ ಆಗೈತೆ ಕೆಂಚಕ್ಕ" ಎಂದರಂತೆ ಪಂಚಾಕ್ಷರಪ್ಪನವರು. ಮುದುಕಿ ನಕ್ಕಳು, ಮುಚ್ಚಳ ತೆರೆಯಿತು.

ಮುಂದೆ ಹಿರಿಯೂರಿಗೆ ಬಂದಾಗ ಶಾಲೆಗಳಲ್ಲಿ ಕ್ಷಯದ ವಿರುದ್ಧ ಬಿ.ಸಿ.ಜಿ. ಲಸಿಕೆ ಹಾಕಿಸುವ ಜವಾಬ್ದಾರಿ ಅವರ ಹೆಗಲಿಗೇರಿತು. ಅವರ ಏರ್ಪಾಡನ್ನು ಕಂಡವರೇ ಬಲ್ಲರು. ಹಸಿದ ಮಗುವಿಗೆ ಸೂಜಿ ತಾಗಿಸಬಾರದೆಂದು ಶಾಲೆಯ ಉಪ್ಪಿಟ್ಟನ್ನು ಅಂದು ಮುಂಜಾನೆಯೇ ಮಾಡಿಸುವರು. ಮೊದಲು ಚಿಕ್ಕ ಹುಡುಗಿಯರು. ಏಳನೇ ತರಗತಿಯ ಮೀಸೆ ಚಿಗುರಿದ ವೀರರು ಕಡೆಗೆ, ಏಕೆಂದರೆ ತಲೆ ತಿರುಗಿ ಬೀಳುವವರು ಅವರೇ! ಒಂದು ಬಾಗಿಲಿನಿಂದ ಒಳಗೆ, ಇನ್ನೊಂದರಿಂದ ಹಿತ್ತಲಿಗೆ. ಅಳುವ ಮಗುವನ್ನು ಕಾಯುವ ಮಗು ಕಾಣಬಾರದು. ಮದ್ದಿಗೆ ಬಿಸಿಲು ತಾಗಿದರೆ ಅದರ ಸತ್ವ ಹೋಗುವುದರಿಂದ ಕಿಟಕಿಗಳು ಮುಚ್ಚಿರಬೇಕು. ಹಿತ್ತಲಲ್ಲಿ ಪ್ರತಿ ಮಗುವಿಗೂ ಒಂದು ಚೂರು ಬೆಲ್ಲ.

ಕುಂದಿಲ್ಲದ ಈ ಏರ್ಪಾಡು ನಮ್ಮ ಬೇವಿನಹಟ್ಟಿಯಲ್ಲಿ ತಲೆಕೆಳಗಾಯಿತು.

ಬೇವಿನಹಟ್ಟಿಯು ಜವನಗೊಂಡನಹಳ್ಳಿಯ ಆಚೆಗಿರುವ ಕುರಿಗಾರರ ಹಟ್ಟಿ. ೧೯೭೬ನೇ ಇಸವಿ, ತುರ್ತು ಪರಿಸ್ಥಿತಿಯ ದಿನಗಳು. ಯಾವುದೋ ಊರಲ್ಲಿ ಗಂಡಸರನ್ನು ಜೀಪಿಗೆ ಹತ್ತಿಸಿ ಮಕ್ಕಳಾಗದ ಆಪರೇಷನ್ ಮಾಡಿಸಿದರೆಂಬ ಸುದ್ದಿ ಕುರಿಸಂತೆಯಿಂದ ಕುರಿಸಂತೆಗೆ ಹಬ್ಬಿತ್ತು. ಅಂಥ ಹೊತ್ತಿನಲ್ಲಿ ಐಸಿನ ಪೆಟ್ಟಿಗೆ ಹೊರಲು ಸೈಕಲ್ಲು ಸಾಲದೆ ಪಂಚಾಕ್ಷರಪ್ಪನವರು ಜೀಪಿನಲ್ಲೇ ಬಂದರು. ಹತ್ತು-ಹನ್ನೆರಡು ಮಕ್ಕಳು ಒಳಗೆ ಹೋಗಿರಬಹುದು. ಮುಂಬಾಗಿಲಲ್ಲಿ ನಿಂತಿದ್ದ ಹಟ್ಟಿಯ ಓಬವ್ವ ಕೂಗಿಕೊಂಡಳು.

"ಮುದ್ದಪ್ಪಣ್ಣಾ, ಒಳಾಕ್ ಹೋದ ಹುಡ್ರು ಒಂದೂ ಹೊರಾಕ್ ಬರ್ತಿಲ್ಲ ಕಣೋ!"

ಹೆಂಗಸರು ಹಿತ್ತಲಿಗೆ ಓಡಿದರು. ಮಕ್ಕಳು ಸುಖವಾಗಿ ಬೆಲ್ಲ ಚೀಪುತ್ತ ಕುಳಿತಿದ್ದವು. ಅದು ಇನ್ನೂ ಕೆಟ್ಟದ್ದಾಯಿತು. "ಕಡಿಯೋ ಟಗರಿಗೂ ಮೊದ್ಲು ಹಿಂಗೇ ಬೆಲ್ಲ ತಿನ್ನಿಸ್ತಾರೆ" ಎಂದಳು ಓಬವ್ವ.

ಆಗ ಮುಂದೆ ಬಂದವನು ಮುದ್ದಪ್ಪ, ಹಟ್ಟಿಯ ಹಿರಿಯ. ಹಿಂದಿನ ವರ್ಷವಷ್ಟೇ ಅವನ ಒಬ್ಬನೇ ಮಗ ಕ್ಷಯದಿಂದ ತೀರಿಕೊಂಡಿದ್ದ. ವಂಶಕ್ಕೆ ಉಳಿದಿದ್ದವನು ಮೂರನೇ ತರಗತಿಯ ಮೊಮ್ಮಗ ನಿಂಗಪ್ಪ. ಸೂಜಿ ಬೇಡವೆಂದರೆ ಮಗನನ್ನು ಕೊಂಡೊಯ್ದ ಕಾಯಿಲೆಯ ಭಯ. ಬೇಕೆಂದರೆ ಮನೆತನವೇ ನಿಂತುಹೋಗುವ ಭಯ. ಆ ಎರಡರ ನಡುವೆ ನಿಂತು ಆತ ಹುಡುಗನ ರಟ್ಟೆ ಹಿಡಿದುಕೊಂಡಿದ್ದ.

"ಕಿಟ್ಕಿ ಯಾಕ್ರಿ ಮುಚ್ಚೀರಿ? ಒಳ್ಳೆ ಕೆಲ್ಸಕ್ಕೆ ಬೆಳಕು ಬ್ಯಾಡೇನ್ರಿ?"

"ಬಿಸ್ಲು ತಾಗಿದ್ರೆ ಮದ್ದು ಸತ್ತೋಗುತ್ತೆ ಮುದ್ದಪ್ಪ."

"ಬಿಸ್ಲಿಗೇ ಸಾಯೋ ಮದ್ದು ನನ್ನ ಮೊಮ್ಮಗನ್ನ ಹೆಂಗ್ರೀ ಉಳಿಸ್ತೈತೆ?"

ಜನ ಘೊಳ್ಳೆಂದು ನಕ್ಕರು, ಆದರೆ ಯಾರೂ ಮಗುವಿನ ಕೈ ಬಿಡಲಿಲ್ಲ. ಜೀಪಿನ ಡ್ರೈವರು ಮೆಲ್ಲಗೆ, "ಸಾರ್, ಠಾಣೆಗೆ ಹೋಗಿ ಇಬ್ರನ್ನ ಕರ್ಕಂಡ್ ಬರ್ಲಾ?" ಎಂದ. ಪಂಚಾಕ್ಷರಪ್ಪನವರು ಜೀಪನ್ನೇ ಊರಾಚೆ ನಿಲ್ಲಿಸಿ ಬರುವಂತೆ ಹೇಳಿ, ಮದ್ದನ್ನು ಐಸಿನೊಳಗಿಟ್ಟು, ಅಂಗಳದ ಬೇವಿನ ಮರದ ಕೆಳಗೆ ನೆಲದ ಮೇಲೆಯೇ ಕುಳಿತರು.

ನನ್ನ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಭಗವಂತ ಕುರಿಗಾರನಿಗೆ ಕುರಿ ಕೊಟ್ಟಾಗ ಜೊತೆಗೊಂದು ನಾಯಿಯನ್ನೂ ಕೊಟ್ಟು, "ತೋಳ ಯಾವ ವೇಷದಲ್ಲಾದರೂ ಬಂದೀತು, ನಾನೇ ಬಂದರೂ ಇದು ಬೊಗಳಲಿ" ಎಂದನಂತೆ. ಒಂದು ದಿನ ಭಗವಂತನೇ ಬಂದ; ನಾಯಿ ಬೊಗಳಿತು. ಅವನು ಕೋಪಿಸಿಕೊಳ್ಳದೆ, ನಾಯಿ ತನ್ನ ಕೆಲಸ ಮಾಡುತ್ತಿದೆಯೆಂದು ಕುರಿರೊಪ್ಪದ ಹೊರಗೇ ಕುಳಿತು ಕಾದನಂತೆ. ಅಂದು ನನಗೆ ಆ ಕಥೆ ನೆನಪಾಯಿತು. ಸಂಶಯವೆಂಬುದು ಬಡವರ ಮನೆಯ ಕಾವಲುನಾಯಿ. ಅದಕ್ಕೆ ಕಲ್ಲು ಬೀರದವನೇ ದೊಡ್ಡವನು.

ಕೊಂಚ ಹೊತ್ತಾದ ಮೇಲೆ ಪಂಚಾಕ್ಷರಪ್ಪನವರು ತಲೆಯೆತ್ತಿ, "ಮುದ್ದಪ್ಪ, ನಿಮ್ಮ ಕಂಬಳಿ ಕೊಡ್ತೀರಾ?" ಎಂದರು.

"ಕಂಬ್ಳಿ ಯಾಕೆ?" ಅದಕ್ಕೂ ಸಂಶಯ.

"ಮದ್ದಿಗೆ ಕತ್ತಲು ಬೇಕು, ನಿಮಗೆ ಬೆಳಕು ಬೇಕು. ಬಿಸ್ಲು ಬರೋ ಕಡೆಗೆ ಕಂಬಳಿ ಕಟ್ಟಾಣ, ನೀವು ನಿಂತಿರೋ ಕಡೆ ಬಿಚ್ಚಿರಲಿ. ಎಲ್ಲಾರೂ ನೋಡ್ರಿ."

ಮುದ್ದಪ್ಪ ಹೆಗಲ ಮೇಲಿದ್ದ ಕರಿಕಂಬಳಿ ತೆಗೆದ. ಇನ್ನಿಬ್ಬರು ತಮ್ಮವನ್ನೂ ಕೊಟ್ಟರು. ಕೊಂಬೆಗೆ ಕಟ್ಟಿದ್ದಾಯಿತು. ಆದರೆ ಸೂಜಿ ಎತ್ತುವ ಮುನ್ನ ಮುದ್ದಪ್ಪ ತಡೆದ. "ಇದರ ಮೇಲೆ ನಾವು ದೇವರನ್ನ ಕೂರುಸ್ತೀವಿ. ಇದರ ಕೆಳಗೆ ಸುಳ್ಳು ನಡಿಯಾಕಿಲ್ಲ. ಮುಟ್ಟಿ ಹೇಳ್ರಿ: ಈ ಸೂಜಿಯಿಂದ ಹುಡುಗನ ವಂಶ ಹೋಗಾಕಿಲ್ಲ ಅಂತ. ಸರ್ಕಾರ ಆಪರೇಷನ್‌ಗೆ ನಮ್ಮ ಹಟ್ಟಿಗೆ ಬರಾಕಿಲ್ಲ ಅಂತ."

ಪಂಚಾಕ್ಷರಪ್ಪನವರು ಕಂಬಳಿಯ ಅಂಚನ್ನು ಕಣ್ಣಿಗೊತ್ತಿಕೊಂಡರು. "ಮೊದಲನೇದಕ್ಕೆ ಆಣೆ" ಎಂದರು. ಎರಡನೆಯದಕ್ಕೆ ಅಂಚನ್ನು ಕೈಯಲ್ಲೇ ಹಿಡಿದು ಮುದ್ದಪ್ಪನ ಕಡೆ ತಿರುಗಿದರು. ಹೂಂ ಎಂದುಬಿಡಬಾರದೇ ಎಂದು ನಾನು ಒಳಗೊಳಗೇ ಚಡಪಡಿಸಿದೆ. "ಸರ್ಕಾರದ ಪರವಾಗಿ ಆಣೆ ಮಾಡೋ ಅಧಿಕಾರ ನನಗಿಲ್ಲ ಮುದ್ದಪ್ಪ. ಅದು ಬರುತ್ತೋ ಬರಲ್ವೋ ನಾ ಕಾಣೆ. ನನ್ನ ಮಟ್ಟಿಗೆ ಹೇಳ್ತೀನಿ: ಈ ಹಟ್ಟಿಯಿಂದ ಒಬ್ಬರನ್ನೂ ನಾನು ಅದಕ್ಕೆ ಕರ್ಕೊಂಡು ಹೋಗಲ್ಲ."

ಮುದ್ದಪ್ಪ ಅವರ ಮುಖವನ್ನೇ ದಿಟ್ಟಿಸಿದ. "ಎರಡಕ್ಕೂ ಹೂಂ ಅಂದಿದ್ರೆ ಕಂಬ್ಳಿ ಬಿಚ್ಕಂಡು ಹೋಗಿಬಿಡ್ತಿದ್ದೆ" ಎಂದು ಮೊಮ್ಮಗನ ಅಂಗಿಯ ತೋಳು ತಾನೇ ಮಡಿಸಿದ. "ಲೇ ನಿಂಗ, ಅಳಬ್ಯಾಡ. ಕುಂತ್ಕ."

ಮೂರು ವಾರಕ್ಕೆ ತೋಳಿನಲ್ಲಿ ಗುಳ್ಳೆಯೆದ್ದು ಕೀವಾಗುತ್ತದೆ, ಹೆದರಬೇಡಿ, ಏನೂ ಹಚ್ಚಬೇಡಿ ಎಂದು ಅಂದೇ ಎಲ್ಲರಿಗೂ ತಿಳಿಸಿದ್ದರು. ಗುಳ್ಳೆ ಎದ್ದಿತು, ಅದರ ಹಿಂದೆಯೇ ಅವರ ಸೈಕಲ್ಲೂ ಬಂತು. ಮನೆಮನೆಗೆ ಹೋಗಿ ಒಂದೊಂದು ತೋಳನ್ನೂ ನೋಡಿದರು. ಓಬವ್ವ ಮಜ್ಜಿಗೆ ಕೊಟ್ಟಳು, ಮೊದಲು ತಾನೊಂದು ಗುಟುಕು ಕುಡಿದು. "ನಿಮ್ಗೂ ನಮ್ಮ ಮ್ಯಾಲೆ ಸಂಶಯ ಇರಬೌದಲ್ಲಾ" ಎಂದು ನಕ್ಕಳು.

ಆಣೆಯ ಬೆಲೆಯನ್ನು ಮಾತ್ರ ಬೇಗನೆ ತೆರಬೇಕಾಯಿತು. ಆ ಹಟ್ಟಿ ನಿಮ್ಮ ಮಾತು ಕೇಳುತ್ತದೆ, ಆಪರೇಷನ್ ಕ್ಯಾಂಪಿಗೆ ಅಲ್ಲಿಯ ಗಂಡಸರನ್ನು ನೀವೇ ಕರೆತರಬೇಕೆಂದು ಮೇಲಿನವರೊಬ್ಬರು ಅಪ್ಪಣೆ ಮಾಡಿದರು. ಕಂಬಳಿ ಮುಟ್ಟಿದ್ದೇನೆ, ಆಗದು ಎಂದರು ಇವರು. ಬರಬೇಕಾಗಿದ್ದ ಬಡ್ತಿ ನಿಂತಿತು. ಹೊಸದುರ್ಗದ ಒಂದು ಮೂಲೆಗೆ ವರ್ಗವಾಯಿತು. ತೆಂಗಿನ ತೋಟಗಳ ನಡುವಿನ ಶಾಲೆಗಳಲ್ಲಿ ಅದೇ ಉಪ್ಪಿಟ್ಟು, ಅದೇ ಬೆಲ್ಲ. ಆದರೆ ಮುಚ್ಚಿದ ಕಿಟಕಿ ಮತ್ತೆಂದೂ ಇಲ್ಲ. ಇತ್ತ ಬೇವಿನಹಟ್ಟಿಯವರು ಮರುವರ್ಷದ ಬೇಸಿಗೆಯವರೆಗೂ ಆಪರೇಷನ್ ಜೀಪು ಬಂದೀತೆಂದು ಹೆದರಿ ದಾರಿ ನೋಡುತ್ತಲೇ ಇದ್ದರು. ಅದು ಬರಲಿಲ್ಲ. ಏಕೆ ಬರಲಿಲ್ಲವೆಂದು ಪಂಚಾಕ್ಷರಪ್ಪನವರು ಯಾರಿಗೂ ಹೇಳಲಿಲ್ಲ. ಈ ಅಪ್ಪಣೆಯ ಕಥೆಯನ್ನು ನಮಗೆ ಹೇಳಿದವನು ಅಂದು ಬಂದಿದ್ದ ಜೀಪಿನ ಡ್ರೈವರು. ತಡೆದಿದ್ದ ಬಡ್ತಿ ಕಡೆಗೂ ಸಿಕ್ಕಿ ಅವರು ಹಿರಿಯೂರಿಗೇ ಮರಳಿದ್ದು ತುರ್ತು ಪರಿಸ್ಥಿತಿ ಮುಗಿದ ಮೇಲೆ.

ಮೊನ್ನೆ ಈ ಗ್ರಂಥದ ವಿಷಯ ತಿಳಿಸಲು ಮುದ್ದಪ್ಪನ ರೊಪ್ಪದ ಬಳಿಗೆ ಹೋಗಿದ್ದೆ. ನಿಂಗಪ್ಪ ಈಗ ಅಜ್ಜನ ಹೆಗಲೆತ್ತರ ಬೆಳೆದು ಕುರಿ ತರುಬುತ್ತಿದ್ದ. ನಿವೃತ್ತಿ ಎಂದರೇನೆಂದು ವಿವರಿಸಿದೆ. ಮುದುಕನ ಹುಬ್ಬು ಗಂಟಿಕ್ಕಿತು. "ವಯಸ್ಸಾಯ್ತು ಅಂತ ಬಿಡಿಸಿದ್ರಾ, ಇಲ್ಲ ನಮ್ಮಿಂದ ಬಿಡಿಸಿದ್ರಾ?" ವಯಸ್ಸೇ ಎಂದು ಎಷ್ಟು ಹೇಳಿದರೂ ಅರ್ಧ ಮಾತ್ರ ನಂಬಿದ.

ಪಂಚಾಕ್ಷರಪ್ಪನವರಿಗೆ ಶಿವನು ತುಂಬು ಆಯುಷ್ಯವನ್ನು, ಸೈಕಲ್ಲು ತುಳಿಯುವ ಕಾಲುಬಲವನ್ನು ಕರುಣಿಸಲೆಂದು ಬೇಡುತ್ತೇನೆ. ಆದರೆ ಅವರಿಗೆ ವಿಶ್ರಾಂತಿಯನ್ನು ಹಾರೈಸುವ ಧೈರ್ಯ ನನಗಿಲ್ಲ. ಏಕೆಂದರೆ ಹೊರಟು ನಿಂತ ನನ್ನನ್ನು ಮುದ್ದಪ್ಪ ಮತ್ತೆ ಕರೆದು ಹೇಳಿದ ಮಾತನ್ನು ನಾನು ಅವರಿಗೆ ಒಪ್ಪಿಸಲೇಬೇಕಾಗಿದೆ:

"ಮೇಷ್ಟ್ರೇ, ಅವರ ಜಾಗಕ್ಕೆ ಬರೋನು ಯಾರೋ ಏನೋ. ಅವನ್ನ ಒಬ್ಬನ್ನೇ ಕಳ್ಸಬ್ಯಾಡ್ರಿ. ಇವ್ರೇ ಕರ್ಕಂಡ್ ಬರ್ಲಿ. ಕಂಬ್ಳಿ ಕಟ್ಟಿರ್ತೀನಿ. ಮುಟ್ಟಿ ಏನ್ ಹೇಳ್ತಾನೋ ನೋಡಾಣ."