ತಲೆಕಟ್ಟು ಜಾರಿದ ಕ

ಕಳೆದ ತಿಂಗಳು ಶಿವಾಜಿನಗರದ ಗುಜರಿ ಸಾಲಿನಲ್ಲಿ ಒಂದು ತಗಡಿನ ಹಲಗೆ ಕಣ್ಣಿಗೆ ಬಿತ್ತು. ಒಡೆದ ಹೆಡ್‌ಲೈಟುಗಳು, ಹಿಡಿಕೆಯಿಲ್ಲದ ಜ್ಯಾಕುಗಳು, ತುಕ್ಕು ಹಿಡಿದ ಚಕ್ರದ ಮುಚ್ಚಳಗಳ ರಾಶಿಯ ನಡುವೆ ಗೇಣಗಲದ ಬಿಳಿಯ ಹಲಗೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ ಎಲ್ ಅಕ್ಷರ, ಪಕ್ಕದಲ್ಲಿ ಕನ್ನಡದ ಒಂದು ಕ. ಆ ಕ ಅಕ್ಷರದ ತಲೆಕಟ್ಟು ಮೈಯಿಂದ ಕಳಚಿಕೊಂಡು, ಗಾಳಿಗೆ ಹಾರಿದ ಟೋಪಿಯಂತೆ, ಬಲಕ್ಕೆ ಜಾರಿತ್ತು. ಅಂಥ ಹಲಗೆ ಈ ಊರಿನಲ್ಲಿ ಒಂದೇ ಇತ್ತು.

ಎಲ್ಲಿಂದ ಬಂತೆಂದು ಕೇಳಿದೆ. "ಯಾರಿಗ್ಗೊತ್ತು ಮೇಡಂ, ತಗಡಿನ ಜೊತೆ ತಗಡು ಬಂದಿದೆ. ಬೇಕಾದ್ರೆ ಎತ್ಕೊಳ್ಳಿ," ಎಂದ ಅಂಗಡಿಯವನು. ಎತ್ತಿಕೊಂಡೆ. ಸೆರಗಿನಿಂದ ಒರೆಸಿದೆ. ಆ ಕ ಬರೆದವರು ನನಗೆ ಕಾರು ಓಡಿಸಲು ಕಲಿಸಿದ ಮಾಸ್ಟರು.

ತೊಂಬತ್ತರ ದಶಕದ ನಡುವಿನ ಮಾತು. ನನಗೆ ಆಗಷ್ಟೇ ಹದಿನೆಂಟು ತುಂಬಿತ್ತು. ನಮ್ಮ ಮನೆ ಕುಕ್ ಟೌನಿನಲ್ಲಿ. ಮಾಸ್ಟರ ಮನೆ ಪುಲಿಕೇಶಿನಗರದ ಮಸೀದಿ ರಸ್ತೆಯ ಹಿಂದಿನ ಒಂದು ಓಣಿಯಲ್ಲಿ. ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ತಿಳಿನೀಲಿ ಬಣ್ಣದ ಹಳೆಯ ಹೆರಾಲ್ಡ್ ಕಾರು. ಅದರ ಬಾನೆಟ್ಟನ್ನು ಎತ್ತಿದರೆ ಕಾರಿನ ಮೂತಿಯೆಲ್ಲ ಮುಂದಕ್ಕೆ ಬಾಗಿ, ಇಡೀ ಎಂಜಿನ್ ಬಯಲಾಗುತ್ತಿತ್ತು. ಕಲಿಯುವವರ ಕಾಲಡಿ ಇರುವಂತೆಯೇ ಮಾಸ್ಟರ ಕಾಲಡಿಯೂ ಒಂದು ಬ್ರೇಕ್ ಪೆಡಲ್ ಇತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೆರಾಲ್ಡನ್ನು ಅವರು "ಅವಳು" ಎನ್ನುತ್ತಿದ್ದರು.

ನಾನು ಓದಿದ್ದು ಇಂದಿರಾನಗರದ ಒಂದು ಪ್ರಗತಿಪರ ಶಾಲೆಯಲ್ಲಿ. ಕಂಡ ತಪ್ಪನ್ನು ಹೆಸರಿಟ್ಟು ಕರೆಯಬೇಕು, ಸುಮ್ಮನಿರುವುದೂ ತಪ್ಪಿನ ಪಕ್ಷ ವಹಿಸಿದಂತೆ ಎಂದು ಅಲ್ಲಿ ಕಲಿಸಿದ್ದರು. ಅಂಗಳದ ಗೋಡೆಯ ಮೇಲೆ ಯಾರು ಬೇಕಾದರೂ ಕಂಡ ಅನ್ಯಾಯವನ್ನು ಬರೆದು ಅಂಟಿಸಬಹುದಿತ್ತು. ಕೆಳಗೆ ಬರೆದವರ ಹೆಸರು ಇರಲೇಬೇಕು ಎಂಬುದೊಂದೇ ನಿಯಮ. ಆಯಾಗೆ ಬೇರೆ ಲೋಟ ಇಟ್ಟಿರುವುದೇಕೆ ಎಂದು ಆರನೆಯ ತರಗತಿಯಲ್ಲಿ ಬರೆದವಳು ನಾನು. ಆ ಪಾಠವನ್ನು ಈಗಲೂ ನಂಬುತ್ತೇನೆ. ಅದರ ನಿಯಮವನ್ನು ಒಮ್ಮೆ ಮುರಿದೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನವೇ ಮಾಸ್ಟರೊಡನೆ ವಾದಕ್ಕೆ ನಿಂತೆ. ಕನ್ನಡದ ನೆಲದಲ್ಲಿ ಕಲಿಯುವವರ ಗುರುತು ಇಂಗ್ಲಿಷಿನಲ್ಲಿ ಏಕಿರಬೇಕು? ಅವರು ನಕ್ಕು, "ಗಲಾಟೆ ನಕ್ಕೋ ಬೇಟಾ, ಗಲಾಟೆ ಬೇಡ, ಬರೆದ್ಬಿಡ್ತೀನಿ," ಎಂದರು. ಮರುದಿನ ಎಲ್ ಪಕ್ಕದಲ್ಲಿ ಕ ಬಂದಿತ್ತು, ಕಲಿಕೆಯ ಕ. ನಾನು ಖುಷಿಯಿಂದಲೇ ತಿದ್ದಿದೆ: "ಮಾಸ್ಟರ್, ತಲೆಕಟ್ಟು ಬಿದ್ದೋಗಿದೆ."

ಅವರು ಬೆರಳಿನಿಂದ ಅಕ್ಷರವನ್ನು ಸವರಿ ನೋಡಿದರು. ಒದ್ದೆ ಬಣ್ಣ ಬೆರಳಿಗೆ ಅಂಟಿತು. "ಹೌದಾ? ನನ್ ಕನ್ನಡ ಅಷ್ಟೇ ಅಮ್ಮಾ. ಬಾಯಲ್ಲಿ ಫಸ್ಟ್ ಕ್ಲಾಸು, ಕೈಯಲ್ಲಿ ಫೇಲು."

ಮನೆಯಲ್ಲಿ ದಖನಿ ಉರ್ದು ಮಾತಾಡುವವರ ಕೈಗೆ ಕನ್ನಡದ ಅಕ್ಷರ ಒಗ್ಗಿಲ್ಲ ಎಂದುಕೊಂಡೆ. ಅವರು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪೂರ್ವಗ್ರಹ ಎಂಬ ಹೆಸರು ನನ್ನ ಆ ತಪ್ಪಿಗಿದೆ.

ಅವರು ಕಲಿಸುವ ಬಗೆಯೇ ಬೇರೆ. ವೇಗ ತೋರಿಸುವ ಗಡಿಯಾರದ ಮೇಲೆ ರೆಕ್ಸಿನ್ ತುಂಡು ಅಂಟಿಸಿದ್ದರು. ಗೇರು ಬದಲಿಸುವುದನ್ನು ಎಂಜಿನ್ನಿನ ದನಿ ಕೇಳಿಯೇ ಕಲಿಯಬೇಕು. "ಕೇಳಿಸ್ತಾ? ಮೂಗಲ್ಲಿ ಗೊಣಗ್ತಾ ಇದಾಳೆ. ಎರಡಕ್ಕೆ ಇಳ್ಸು," ಎನ್ನುವರು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು ಪದ್ಧತಿ. ಕಾರು ಓಡಿಸುತ್ತಲೇ ಎದುರಿಗೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿರಬೇಕು. ಅಂಗಡಿಗಳ ಬೋರ್ಡುಗಳನ್ನೂ ಓದಬೇಕು. ಸ್ವಲ್ಪ ಮೌನವಾದರೆ ಸಾಕು, "ಓದಮ್ಮಾ... ಎದುರಿಗೆ ಏನಿದೆ?" ಎಂದು ಕೇಳುವರು. ಆಟೋ, ಹಸು, ಹೊಲಿಗೆ ಅಂಗಡಿ, ಎಡಕ್ಕೆ ತಿರುಗುತ್ತಿರುವ ಸೈಕಲ್ಲು... ಹಲಸೂರಿನ ಕೆರೆಯ ದಾರಿಯುದ್ದಕ್ಕೂ ನಾನು ಪಾಠ ಒಪ್ಪಿಸುವವಳಂತೆ ಕೂಗುತ್ತಿದ್ದೆ. ಹೊಸಬರು ಬಾನೆಟ್ಟಿನ ತುದಿಯನ್ನೇ ದಿಟ್ಟಿಸುತ್ತಾರೆ, ಆ ಚಟ ಬಿಡಿಸಲು ಈ ಉಪಾಯ ಎಂದು ಅವರ ಶಿಷ್ಯರೆಲ್ಲ ನಂಬಿದ್ದೆವು. ಅದರಿಂದ ನಮಗೆ ಒಳ್ಳೆಯದೇ ಆಯಿತು. ನಾನು ಈಗಲೂ ರಸ್ತೆಯನ್ನು ಅಂಚಿನಿಂದ ಅಂಚಿಗೆ ನೋಡುತ್ತೇನೆ.

ಹೆಣ್ಣುಮಕ್ಕಳಿಗೆ ಅವರು ಬೇರೆ ಪಾಠ ಮಾಡುತ್ತಿರಲಿಲ್ಲ. ಒಬ್ಬ ತಂದೆ ಬಂದು, "ನಮ್ ಹುಡುಗಿಗೆ ಸುಮ್ನೆ ಲೈಸೆನ್ಸ್ ಸಿಗೋ ಅಷ್ಟು ಕಲಿಸಿದ್ರೆ ಸಾಕು," ಎಂದಾಗ, "ಲೈಸೆನ್ಸ್ ಮಾರೋ ಅಂಗಡಿ ಬೇರೆ ಇದಾವೆ ಸಾರ್. ಇಲ್ಲಿ ಗಾಡಿ ಓಡ್ಸೋದು ಕಲಿಸ್ತೀವಿ," ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಭಾನುವಾರ ಬೆಳಿಗ್ಗೆ ಮಸೀದಿ ರಸ್ತೆಯ ತುದಿಯ ಬೇಕರಿಯ ಮುಂದೆ ಹಳೆಯ ಕಾರುಗಳ ಸಭೆ ಸೇರುತ್ತಿತ್ತು. ಬಾನೆಟ್ಟುಗಳನ್ನು ತೆರೆದಿಟ್ಟು, ಬನ್ನು ಚಹಾ ಹಿಡಿದು, ಯಾರ ಕಾರು ಮೇಲು ಎಂದು ಜಗಳ. ಫಿಯೆಟ್ ಇಟ್ಟುಕೊಂಡಿದ್ದ ನಿವೃತ್ತ ರೈಲು ಡ್ರೈವರು ತಮಿಳು ಬೆರೆಸಿ ರೇಗಿಸುವರು. ಹಲಸೂರಿನ ಹಳೆಯ ಒಕ್ಕಲು ಮನೆತನದ ಯಜಮಾನರದು ಅಂಬಾಸಿಡರ್; "ನನ್ ಗಾಡೀಲಿ ಹನ್ನೊಂದು ಜನ, ಎರಡು ಮೂಟೆ ರಾಗಿ ಹೋಗಿದೀವಿ. ನಿಮ್ ಹೆರಾಲ್ಡಲ್ಲಿ ಮೂಟೆ ಇಟ್ರೆ ನೀವು ಇಳೀಬೇಕು ಮಾಸ್ಟ್ರೇ," ಎನ್ನುವರು. ಕ ಬಂದ ವಾರ ಅವರದೇ ಪ್ರಶ್ನೆ: "ಕ ಅಂದ್ರೆ ಏನು ಮಾಸ್ಟ್ರೇ, ಕತ್ತೆನಾ?"

"ಕಿವಿ," ಎಂದರು ಮಾಸ್ಟರು. "ಕಣ್ಣಿಲ್ದೆ ಗಾಡಿ ಓಡಿಸ್ಬೋದು ಯಜಮಾನ್ರೇ. ಕಿವಿ ಇಲ್ದೆ ಆಗಲ್ಲ." ಎಲ್ಲರೂ ನಕ್ಕರು. ನಾನೂ.

ದಶಕ ಮುಗಿಯುವ ಹೊತ್ತಿಗೆ ಸಭೆ ಕರಗತೊಡಗಿತ್ತು. ರುಚಿ ಬದಲಾಯಿತು ಎನ್ನುತ್ತಾರೆ. ಆದರೆ ರುಚಿ ತಾನಾಗಿ ಬದಲಾಗುವುದಿಲ್ಲ. ಹಳೆಯದನ್ನು ನಾಚಿಕೆಯ ವಸ್ತುವಾಗಿಸುವ ಜಾಹೀರಾತುಗಳಿದ್ದವು, ಹೊಲಗಳನ್ನು ಬಡಾವಣೆಯಾಗಿಸಿ ಬಂದ ಹಣವಿತ್ತು, ನಡೆಯುವವರ ಕಾಲಡಿಯಿಂದ ಪಾದಚಾರಿ ದಾರಿ ಕಿತ್ತು ಕಾರುಗಳಿಗೆ ಕೊಟ್ಟ ಆಡಳಿತವಿತ್ತು. ರೈಲು ಡ್ರೈವರು ತೀರಿಕೊಂಡರು. ಅವರ ಫಿಯೆಟ್ ಮಾರಾಟವಾಯಿತು. ಯಜಮಾನರು ಕೊರಿಯಾದ ಹೊಸ ಕಾರು ತಂದರು. ಮಾಸ್ಟರೊಬ್ಬರು ಬದಲಾಗಲಿಲ್ಲ. "ಹೊಸ ಗಾಡಿಗಳು ಮಾತಾಡಲ್ಲ. ಮಾತಾಡದೆ ಇರೋರ ಜೊತೆ ನಾನು ಎಲ್ಲಿಗೂ ಹೋಗಲ್ಲ," ಎನ್ನುತ್ತಿದ್ದರು. ಶಿಷ್ಯರು ಒಬ್ಬೊಬ್ಬರಾಗಿ ಹೊಸ ಕಾರಿನ ತರಗತಿಗಳಿಗೆ ಹೋದರು. ಹಳೆಯ ಕಾರಿನ ಮೋಹ ಎಂದುಕೊಂಡೆವು... ಅದು ರುಚಿಯ ಮಾತೇ ಆಗಿರಲಿಲ್ಲ.

ನಾನಾಗ ಪಾದಚಾರಿಗಳ ಹಕ್ಕಿಗಾಗಿ ದುಡಿಯುವ ಒಂದು ಸಣ್ಣ ಗುಂಪಿನಲ್ಲಿದ್ದೆ. ಒಂದು ಭಾನುವಾರ ಬೇಕರಿಯತ್ತ ಹೋದೆ. ಮಾಸ್ಟರ ಉಳಿದಿದ್ದ ಒಬ್ಬಳೇ ಶಿಷ್ಯೆ ಹೆರಾಲ್ಡನ್ನು ಅಲ್ಲಿಯವರೆಗೆ ಓಡಿಸಿಕೊಂಡು ಬಂದಿದ್ದಳು. ಯಜಮಾನರು ತಮ್ಮ ಹೊಸ ಕಾರಿನ ಬೀಗದ ಕೈಯನ್ನು ಮಾಸ್ಟರ ಅಂಗೈಗೆ ತುರುಕಿ, "ಒಂದು ರೌಂಡ್ ಹೊಡ್ಕೊಂಡ್ ಬನ್ನಿ. ಹೆದ್ರಿಕೆನಾ? ಕಚ್ಚಲ್ಲ ಕಣ್ರೀ," ಎಂದು ಕೆಣಕಿದರು. ಸುತ್ತಲಿದ್ದವರು ಸಿಳ್ಳೆ ಹಾಕಿದರು. ಮಾಸ್ಟರು ಬೀಗದ ಕೈಯನ್ನು ಬೆರಳಿನಿಂದ ಸವರಿ ನನ್ನ ಕಡೆ ತಿರುಗಿದರು. "ನೀನೂ ಬಾಮ್ಮಾ. ಪಕ್ಕದಲ್ಲಿ ಕೂತ್ಕೋ."

ಕೂತೆ. ಅವರು ಬೀಗದ ಕೈ ತಿರುಗಿಸಿದರು. ಎಂಜಿನ್ ಚಾಲೂ ಆಯಿತು. ಕ್ಷಣ ಕಳೆದು ಮತ್ತೆ ತಿರುಗಿಸಿದರು. ಚಾಲೂ ಇದ್ದ ಎಂಜಿನ್ ಕರ್ರೆಂದು ಕಿರುಚಿತು. ಹೊರಗೆ ನಗೆಯೋ ನಗೆ. "ಚಾಲೂ ಆಗಿದೆ ಮಾಸ್ಟ್ರೇ, ಎಷ್ಟು ಸಲ ಎಬ್ಬಿಸ್ತೀರಾ!" ಹೊಸ ಎಂಜಿನ್ ಮೊದಲು ಚಾಲೂ ಆದಾಗಿನ ಮೆಲುದನಿ ಅವರಿಗೆ ಕೇಳಿಸಿಯೇ ಇರಲಿಲ್ಲ. ಕಾರು ಮುಂದಕ್ಕೆ ಹೊರಟು, ಇಪ್ಪತ್ತು ಮಾರು ಹೋಗುವಷ್ಟರಲ್ಲಿ ನೇರವಾಗಿ ಎಳನೀರಿನ ರಾಶಿಗೆ ನುಗ್ಗಿ ನಿಂತಿತು. ಬೆಳಗಿನ ಬಿಸಿಲು ಢಾಳಾಗಿತ್ತು. ರಾಶಿ ಆಳೆತ್ತರವಿತ್ತು. ಮಾರುವವನು ಚಹಾ ಕುಡಿಯಲು ಹೋಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಕಾಯಿಗಳು ಉರುಳುತ್ತಿದ್ದವು. ಮಾಸ್ಟರು ಸ್ಟಿಯರಿಂಗ್ ಚಕ್ರವನ್ನು ಎರಡೂ ಕೈಗಳಲ್ಲಿ ಹಿಡಿದು, ನನಗೆ ಮಾತ್ರ ಕೇಳುವಂತೆ, ಹೇಳಿದರು:

"ಓದಮ್ಮಾ... ಎದುರಿಗೆ ಏನಿದೆ?"

ಅಷ್ಟು ವರ್ಷಗಳ ಪಾಠವೆಲ್ಲ ಆ ಒಂದು ಮಾತಿನಲ್ಲಿ ತಿರುಗಿ ನಿಂತಿತು. ನಾವು ಓದುತ್ತಿದ್ದುದು ನಮಗಾಗಿ ಅಲ್ಲ.

ಆ ರಾತ್ರಿಯೇ ಸಾರಿಗೆ ಕಚೇರಿಗೆ ಪತ್ರ ಬರೆದೆ. ಕಣ್ಣು ಕಾಣದವರು ರಸ್ತೆಯಲ್ಲಿ ಪಾಠ ಹೇಳುತ್ತಿದ್ದಾರೆ. ಯಾರೋ ವೈದ್ಯರು ಕಣ್ಣನ್ನು ನೋಡದೆಯೇ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತ ಬಂದಿದ್ದಾರೆ. ಅದನ್ನು ಯಾರೂ ಪ್ರಶ್ನಿಸಿಲ್ಲ. ಪ್ರತಿಯೊಂದು ಮಾತೂ ನಿಜ. ಅದೇ ರಸ್ತೆಗಳಲ್ಲಿ ಮಕ್ಕಳು ಶಾಲೆಗೆ ನಡೆಯುತ್ತಿದ್ದರು. ಕೆಳಗೆ ಹೆಸರು ಬರೆದು ಅಂಚೆಗೆ ಹಾಕಿದೆ.

ಅವರ ಮನೆಗೆ ಹೋದದ್ದು ಅದಾದ ಮೇಲೆ, ಮೊದಲೇ ಹೋಗಬೇಕಿತ್ತು. ನಾನು ಕೇಳುವ ಮುನ್ನ ಅವರೇ ಹೇಳಿದರು. ನೋಟ ಅಂಚುಗಳಿಂದ ಸವೆಯುತ್ತ ಬಂದಿತ್ತಂತೆ. ಮೊದಲು ಕೊಳವೆಯೊಳಗಿಂದ ನೋಡಿದಂತೆ, ಈಗೀಗ ಕೊಳವೆಯಲ್ಲೂ ಮಂಜು. ಬಲಗಾಲು ಸದಾ ಬ್ರೇಕಿನ ಮೇಲೆ, ಕಿವಿ ಸದಾ ಶಿಷ್ಯರ ಬಾಯಿಯ ಮೇಲೆ. "ತಪ್ಪು ಅಂತ ಗೊತ್ತಮ್ಮಾ. ಬಿಟ್ರೆ ನಾನು ಏನು? ಕೋಣೇಲಿ ಕೂತಿರೋ ಒಬ್ಬ ಮುದುಕ." ಆಮೇಲೆ ಹೇಳಿದರು: "ಈ ಭಾನುವಾರ ಬೇಕರಿ ಹತ್ರ ಎಲ್ರಿಗೂ ನಾನೇ ಹೇಳ್ತೀನಿ. ಎಲ್ ಬೋರ್ಡು ನನ್ ಕೈಯಾರೆ ಬಿಚ್ತೀನಿ. ಬೇರೆಯೋರು ಬಿಚ್ಚಿಸ್ಬಾರ್ದು. ಅಷ್ಟು ದಿನ ಬಿಡ್ತೀಯಾ?"

"ಆಯ್ತು ಮಾಸ್ಟರ್," ಎಂದೆ. ಪತ್ರದ ವಿಷಯ ಹೇಳಲಿಲ್ಲ.

ಎಂದೂ ಹೊತ್ತಿಗೆ ಸರಿಯಾಗಿ ಉತ್ತರಿಸದ ಕಚೇರಿ ಆ ವಾರ ಉತ್ತರಿಸಿತು. ಶನಿವಾರ ಮಧ್ಯಾಹ್ನ ಮಾಸ್ಟರು ಪುಲಿಕೇಶಿನಗರದಿಂದ ಕುಕ್ ಟೌನಿನವರೆಗೆ ಕಾಂಪೌಂಡುಗಳನ್ನು ಸವರುತ್ತ ನಡೆದು ಬಂದರು. ಅಂಗಿಯ ಜೇಬಿನಲ್ಲಿ ಒಂದು ಲಕೋಟೆ. ನಮ್ಮ ಜಗಲಿಯ ಮೇಲೆ ಕೂತು ಅದನ್ನು ನನ್ನತ್ತ ಚಾಚಿದರು. "ಓದಮ್ಮಾ."

ಓದಿದೆ. ಹೆರಾಲ್ಡನ್ನೂ ಪರವಾನಗಿಯನ್ನೂ ಕೂಡಲೇ ಒಪ್ಪಿಸಬೇಕು ಎಂಬ ಆಜ್ಞೆಯ ಕೆಳಗೆ ದೂರನ್ನು ಇದ್ದಂತೆಯೇ ಎತ್ತಿ ಬರೆದಿದ್ದರು. "ಸದರಿ ವ್ಯಕ್ತಿಯು ದೃಷ್ಟಿಹೀನರಾಗಿದ್ದು, ಸಾರ್ವಜನಿಕರ ಪ್ರಾಣಕ್ಕೆ ಅಪಾಯಕಾರಿಯಾಗಿರುತ್ತಾರೆ..." ನನ್ನ ವಾಕ್ಯವನ್ನು ನನ್ನ ಬಾಯಿಂದಲೇ, ಯಾರ ಬಗ್ಗೆ ಬರೆದಿದ್ದೆನೋ ಅವರಿಗೇ ಓದಿದೆ. ಅಲ್ಪವಿರಾಮಗಳೆಲ್ಲ ನನ್ನವೇ ಆಗಿದ್ದವು. ಕಾಗದದ ತುದಿಯಲ್ಲಿ ದೂರುದಾರರ ಹೆಸರಿತ್ತು. ಅಲ್ಲಿಗೆ ಬಂದು ನಿಲ್ಲಿಸಿದೆ.

"ಅಷ್ಟೇನಾ? ಕೆಳಗೆ ಇನ್ನೇನೂ ಇಲ್ವಾ?"

"ಇಲ್ಲ ಮಾಸ್ಟರ್."

ಎದುರಿಗಿದ್ದದ್ದನ್ನು ನಾನು ಬೇಕೆಂದೇ ಅವರಿಗೆ ಓದಿ ಹೇಳದೆ ಉಳಿದದ್ದು ಅದೊಂದೇ ಸಲ. ಅವರು ತಲೆಯಾಡಿಸಿ ಎದ್ದರು. ಗೇಟಿನ ಬಳಿ ನಿಂತು, ತಿರುಗದೆ, ಹೇಳಿದರು:

"ಒಳ್ಳೇ ಕನ್ನಡ ಬರ್ದಿದಾರೆ. ತಲೆಕಟ್ಟು ಎಲ್ಲ ಸರಿಯಾಗಿದ್ಯಾ ಬೇಟಾ?"

ಮರುದಿನ ಅವರು ಬೇಕರಿಗೆ ಬರಲಿಲ್ಲ. ಯಜಮಾನರು ಹತ್ತು ಗಂಟೆಯವರೆಗೆ ಕಾದು, ನನ್ನನ್ನೇ ಕಾರಣ ಕೇಳಿ ಹೋದರು. ನಾನು ಎರಡು ಸಲ ಓಣಿಗೆ ಹೋದೆ. ಮೊದಲ ಸಲ ಶೆಡ್ಡು ಖಾಲಿಯಾಗಿತ್ತು, ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು. ಎರಡನೆಯ ಸಲ ಬೀಗವಿತ್ತು. ಕೋಲಾರದ ಕಡೆ ತಂಗಿಯ ಮನೆಗೆ ಹೋದರೆಂದು ಪಕ್ಕದವರು ಹೇಳಿದರು. ಹುಡುಕಿಕೊಂಡು ಹೋಗಬಹುದಿತ್ತು... ಹೋಗಲಿಲ್ಲ. ತೀರಿಕೊಂಡ ಸುದ್ದಿ ಬಂದಾಗ ಎಲ್ಲ ಮುಗಿದು ತಿಂಗಳುಗಳಾಗಿದ್ದವು.

ಪತ್ರ ಬರೆದದ್ದು ತಪ್ಪಲ್ಲ. ಇಂದು ಬೇಕಾದರೂ ಬರೆಯುತ್ತೇನೆ. ಅವರಿಗೆ ಹೇಳದೆ ಬರೆದದ್ದು ತಪ್ಪು. ಕಣ್ಣು ಹೋದ ಮೇಲೆ ಬದುಕಲು ಬೇರೆ ದಾರಿಯನ್ನೇ ಕೊಡದ ಸಮಾಜದ ತಪ್ಪು ದೊಡ್ಡದು. ಅದರ ಬಗ್ಗೆ ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಜಗಲಿಯ ಮೇಲೆ ಒಂದು ಹೆಸರನ್ನು ನುಂಗಿದ ತಪ್ಪಿನ ಬಗ್ಗೆ ಎಲ್ಲಿಯೂ ಮಾತಾಡಿಲ್ಲ.

ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಶಿವಾಜಿನಗರದಿಂದ ನಡೆದೇ ಮನೆಗೆ ಬಂದೆ. ಬೇಕರಿಯ ಜಾಗದಲ್ಲಿ ಈಗ ಹೊಸ ಕಾರುಗಳ ಗಾಜಿನ ಮಳಿಗೆಯಿದೆ. ಒಳಗೆ ಕಾರುಗಳು ಮಾತಿಲ್ಲದೆ ನಿಂತಿದ್ದವು. ಮನೆಯಲ್ಲಿ ನಾನೊಬ್ಬಳೇ. ಹಲಗೆಯನ್ನು ಎದುರಿನ ಕುರ್ಚಿಗೆ ಒರಗಿಸಿದೆ. ಅವರು ಅಂದು ವಾಪಸು ಕೇಳದೆ ಹೋದ ಲಕೋಟೆ ನನ್ನ ಕಡತಗಳ ಅಡಿಯಲ್ಲೇ ಇತ್ತು. ಮಡಿಕೆಗಳಲ್ಲಿ ಹರಿಯತೊಡಗಿದ್ದ ಕಾಗದವನ್ನು ಬಿಡಿಸಿ, ಮೊದಲಿನಿಂದ, ಗಟ್ಟಿಯಾಗಿ ಓದಿದೆ. ಈ ಸಲ ಕೊನೆಯ ಸಾಲಿನವರೆಗೆ ಓದಿದೆ. ಹೆಸರನ್ನೂ ಓದಿದೆ.

ಕುರ್ಚಿಯ ಮೇಲೆ ತಲೆಕಟ್ಟು ಜಾರಿದ ಕ ಸುಮ್ಮನೆ ಕೂತಿತ್ತು.